ರಕ್ತರೋಗ ನಿದಾನ ಮತ್ತು ಕ್ಲಿನಿಕಲ್ ಪೆಥಾಲಜಿ: ರೆಸಿಡೆಂಟ್ ವೈದ್ಯರ ತರಬೇತಿ

ರಕ್ತರೋಗ ನಿದಾನ ತರಬೇತಿ ಎಂದರೆ ಎಂ.ಬಿ.ಬಿ.ಎಸ್. ಮುಗಿಸಿದ ವೈದ್ಯರು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಪೂರ್ಣಾವಧಿ ಕೆಲಸ ಮಾಡುತ್ತಲೇ ರಕ್ತ, ಅಸ್ಥಿಮಜ್ಜೆ, ಮೂತ್ರ ಹಾಗೂ ದೇಹದ ಇತರ ದ್ರವಗಳ ಪರೀಕ್ಷೆಯಿಂದ ರೋಗ ಗುರುತಿಸುವುದನ್ನು ಹಿರಿಯರ ಮೇಲ್ವಿಚಾರಣೆಯಲ್ಲಿ ಕಲಿಯುವ ಸ್ನಾತಕೋತ್ತರ ಶಿಕ್ಷಣ. ಭಾರತದಲ್ಲಿ ಇದು ಮುಖ್ಯವಾಗಿ ಮೂರು ವರ್ಷಗಳ ಎಂ.ಡಿ. ಪೆಥಾಲಜಿ ಅಥವಾ ಡಿ.ಎನ್.ಬಿ. ಪೆಥಾಲಜಿ ವ್ಯಾಸಂಗದ ಭಾಗ. ಹೀಗೆ ಕಲಿಯುವವರಿಗೆ ರೆಸಿಡೆಂಟ್ ಎಂದೂ, ಕಾಲೇಜುಗಳ ಆಡುಮಾತಿನಲ್ಲಿ ಪಿ.ಜಿ. ಎಂದೂ ಹೆಸರು.

ಕ್ಲಿನಿಕಲ್ ಪೆಥಾಲಜಿ ಎಂಬ ಹೆಸರಿನ ವ್ಯಾಪ್ತಿ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ ರಕ್ತಶಾಸ್ತ್ರ, ಜೀವರಾಸಾಯನಿಕ ಪರೀಕ್ಷೆ, ಸೂಕ್ಷ್ಮಜೀವಿ ಪರೀಕ್ಷೆ, ರಕ್ತನಿಧಿ ಎಲ್ಲವೂ ಅದರೊಳಗೆ ಬರುತ್ತವೆ. ಭಾರತದ ವೈದ್ಯಕೀಯ ಕಾಲೇಜುಗಳಲ್ಲಿ ಜೀವರಸಾಯನಶಾಸ್ತ್ರಕ್ಕೂ ಸೂಕ್ಷ್ಮಜೀವಿಶಾಸ್ತ್ರಕ್ಕೂ ಪ್ರತ್ಯೇಕ ವಿಭಾಗಗಳಿರುವುದರಿಂದ, ಮೂತ್ರ, ಮಲ, ವೀರ್ಯ, ಮಿದುಳುಬಳ್ಳಿಯ ದ್ರವ ಮುಂತಾದವುಗಳ ಪರೀಕ್ಷೆಗೆ ಮಾತ್ರ ಈ ಹೆಸರು ಸಲ್ಲುತ್ತದೆ. ರಕ್ತಕಣ ಮತ್ತು ಅಸ್ಥಿಮಜ್ಜೆಯ ಪರೀಕ್ಷೆಗೆ ಹೆಮಟಾಲಜಿ ಅಥವಾ ಹೆಮಟೊಪೆಥಾಲಜಿ ಎನ್ನುತ್ತಾರೆ. ಈ ಲೇಖನದಲ್ಲಿ ಭಾರತದ ಬಳಕೆಯನ್ನೇ ಅನುಸರಿಸಲಾಗಿದೆ.

ಹಿನ್ನೆಲೆ

ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಹರಡಿ, ಬಣ್ಣ ಹಾಕಿ ಓದುವ ಪದ್ಧತಿ ಜರ್ಮನಿಯ ಪಾಲ್ ಎರ್ಲಿಶ್‌ನಿಂದ ಆರಂಭವಾಯಿತು. ಬಟ್ಟೆ ಗಿರಣಿಗಳಿಗೆಂದು ತಯಾರಾಗುತ್ತಿದ್ದ ಅನಿಲಿನ್ ಬಣ್ಣಗಳನ್ನು ಆತ ರಕ್ತದ ಮೇಲೆ ಪ್ರಯೋಗಿಸಿ, 1879ರ ಹೊತ್ತಿಗೆ ಇಯೊಸಿನೊಫಿಲ್ ಕಣವನ್ನು ಬೇರ್ಪಡಿಸಿ ತೋರಿಸಿದ. 1891ರಲ್ಲಿ ರಷ್ಯಾದ ದ್ಮಿತ್ರಿ ರೊಮಾನೊವ್‌ಸ್ಕಿ ಮೆಥಿಲೀನ್ ಬ್ಲೂ ಮತ್ತು ಇಯೊಸಿನ್ ಬಣ್ಣಗಳನ್ನು ಬೆರೆಸಿ ಮಲೇರಿಯಾ ಪರೋಪಜೀವಿಯ ಕೋಶಕೇಂದ್ರಕ್ಕೆ ನೇರಳೆ ಬಣ್ಣ ತರಿಸಿದ. ವಿಲಿಯಂ ಲೀಶ್‌ಮನ್ 1901ರಲ್ಲಿ, ಜೇಮ್ಸ್ ಹೋಮರ್ ರೈಟ್ 1902ರಲ್ಲಿ, ಗುಸ್ತಾವ್ ಗೀಮ್ಸಾ 1904ರಲ್ಲಿ ಇದನ್ನೇ ತಿದ್ದಿ ತಮ್ಮ ತಮ್ಮ ಬಣ್ಣಗಳನ್ನು ರೂಪಿಸಿದರು. ಭಾರತದ ಪ್ರಯೋಗಾಲಯಗಳಲ್ಲಿ ಲೀಶ್‌ಮನ್ ಬಣ್ಣವೇ ಹೆಚ್ಚು ರೂಢಿಯಲ್ಲಿದೆ. ಪಿ.ಜಿ. ಸೇರಿದವರು ಮೊದಲ ವಾರಗಳಲ್ಲೇ ಅದನ್ನು ಕೈಯಾರೆ ಹಾಕಲು ಕಲಿಯುತ್ತಾರೆ.

ಅಸ್ಥಿಮಜ್ಜೆಯನ್ನು ಸೂಜಿಯಿಂದ ಸೆಳೆದು ತೆಗೆಯುವ ವಿಧಾನವನ್ನು ರಷ್ಯಾದ ಮಿಖಾಯಿಲ್ ಅರಿಂಕಿನ್ 1920ರ ದಶಕದ ಕೊನೆಗೆ ಎದೆಮೂಳೆಯ ಮೇಲೆ ಮಾಡಿ ತೋರಿಸಿದ. ಅದುವರೆಗೆ ಜೀವಂತ ರೋಗಿಯ ಮಜ್ಜೆ ನೋಡಲು ಶಸ್ತ್ರಕ್ರಿಯೆಯೇ ಬೇಕಿತ್ತು. ಅಮೆರಿಕದ ಮ್ಯಾಕ್ಸ್‌ವೆಲ್ ವಿಂಟ್ರೋಬ್ ಕೆಂಪು ಕಣಗಳ ಗಾತ್ರ ಮತ್ತು ಹೀಮೋಗ್ಲೋಬಿನ್ ಪ್ರಮಾಣವನ್ನು ಸೂಚ್ಯಂಕಗಳಾಗಿ ಲೆಕ್ಕ ಹಾಕುವ ಕ್ರಮವನ್ನು ರೂಪಿಸಿದರು. ಅವರ 'ಕ್ಲಿನಿಕಲ್ ಹೆಮಟಾಲಜಿ' ಗ್ರಂಥ 1942ರಲ್ಲಿ ಹೊರಬಂತು. ಬ್ರಿಟನ್ನಿನ ಜಾನ್ ಡೇಸಿ 1950ರಲ್ಲಿ ಪ್ರಕಟಿಸಿದ 'ಪ್ರಾಕ್ಟಿಕಲ್ ಹೆಮಟಾಲಜಿ' ಹಲವು ಪರಿಷ್ಕರಣೆಗಳ ನಂತರವೂ ಭಾರತದ ವಿದ್ಯಾರ್ಥಿಗಳ ಮೇಜಿನ ಮೇಲಿದೆ. 1953ರಲ್ಲಿ ವ್ಯಾಲೇಸ್ ಕೌಲ್ಟರ್‌ಗೆ ಪೇಟೆಂಟ್ ಸಿಕ್ಕ ಕಣ ಎಣಿಕೆಯ ಉಪಕರಣ, ಗಂಟೆಗಟ್ಟಲೆ ಗಾಜಿನ ಚೌಕದಲ್ಲಿ ಎಣಿಸುತ್ತಿದ್ದ ಕೆಲಸವನ್ನು ಕ್ಷಣಗಳಿಗೆ ಇಳಿಸಿತು.

ತರಬೇತಿಯ ಸಾಂಸ್ಥಿಕ ರೂಪ ಬಾಲ್ಟಿಮೋರ್ ನಗರದಲ್ಲಿ 1889ರಲ್ಲಿ ತೆರೆದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ರೆಸಿಡೆನ್ಸಿ ಪದ್ಧತಿಗೆ ಋಣಿ. ವೈದ್ಯ ಆಸ್ಪತ್ರೆಯಲ್ಲೇ ವಾಸವಿದ್ದು, ಹಂತ ಹಂತವಾಗಿ ಹೆಚ್ಚಿನ ಹೊಣೆ ಹೊರುತ್ತ ಕಲಿಯಬೇಕೆಂಬುದು ಅದರ ತತ್ವ. ಅಮೆರಿಕನ್ ಸೊಸೈಟಿ ಆಫ್ ಕ್ಲಿನಿಕಲ್ ಪೆಥಾಲಜಿಸ್ಟ್ಸ್ 1922ರಲ್ಲೂ, ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವ ಅಮೆರಿಕನ್ ಬೋರ್ಡ್ ಆಫ್ ಪೆಥಾಲಜಿ 1936ರಲ್ಲೂ ಸ್ಥಾಪನೆಯಾದವು. ಬ್ರಿಟನ್ನಿನಲ್ಲಿ ಪೆಥಾಲಜಿಸ್ಟರ ಕಾಲೇಜು 1962ರಲ್ಲಿ ಹುಟ್ಟಿ, 1970ರಲ್ಲಿ ರಾಯಲ್ ಕಾಲೇಜ್ ಆಯಿತು.

ಭಾರತದಲ್ಲಿ

ಭಾರತದ ಪ್ರಯೋಗಾಲಯಗಳು ರಕ್ತಶಾಸ್ತ್ರಕ್ಕೆ ಕೊಟ್ಟ ಕೆಲವು ಸಂಗತಿಗಳು ಇಂದು ಜಗತ್ತಿನ ಎಲ್ಲ ಪಠ್ಯಗಳಲ್ಲಿವೆ. 1928ರಲ್ಲಿ ಮುಂಬೈಗೆ ಬಂದ ಲೂಸಿ ವಿಲ್ಸ್, ಬಟ್ಟೆ ಗಿರಣಿ ಕಾರ್ಮಿಕರಲ್ಲಿ ಗರ್ಭಿಣಿಯರಿಗೆ ಬರುತ್ತಿದ್ದ ದೊಡ್ಡ ಕಣಗಳ ರಕ್ತಹೀನತೆ ಯೀಸ್ಟ್ ಸಾರದಿಂದ ವಾಸಿಯಾಗುವುದನ್ನು ಕಂಡರು. ಆ ಸಾರದಲ್ಲಿದ್ದ ಅಂಶವೇ ಫೋಲಿಕ್ ಆಮ್ಲ ಎಂದು ಮುಂದೆ ತಿಳಿಯಿತು. 1952ರಲ್ಲಿ ವೈ.ಎಂ. ಭೇಂಡೆ ಮತ್ತು ಸಂಗಡಿಗರು ಬಾಂಬೆ ರಕ್ತಗುಂಪನ್ನು ವರದಿ ಮಾಡಿದರು. ಅದೇ ವರ್ಷ ಲೇಮನ್ ಮತ್ತು ಕಟ್‌ಬುಶ್ ನೀಲಗಿರಿಯ ಬುಡಕಟ್ಟುಗಳಲ್ಲಿ ಕುಡಗೋಲು ಕಣದ ಲಕ್ಷಣವನ್ನು ಗುರುತಿಸಿದರು. ಕೋಲ್ಕತ್ತದ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್‌ನಲ್ಲಿ ಜೆ.ಬಿ. ಚಟರ್ಜಿಯವರು ಹೀಮೋಗ್ಲೋಬಿನ್ ಇ ಮತ್ತು ಥಲಸ್ಸೀಮಿಯಾ ಬಗ್ಗೆ ನಡೆಸಿದ ಕೆಲಸ ಪೂರ್ವ ಭಾರತದ ರಕ್ತಹೀನತೆಯ ಅರಿವನ್ನೇ ಬದಲಿಸಿತು.

ಸ್ನಾತಕೋತ್ತರ ಶಿಕ್ಷಣಕ್ಕೆ ದೆಹಲಿಯ ಏಮ್ಸ್ (1956) ಮತ್ತು ಚಂಡೀಗಢದ ಪಿ.ಜಿ.ಐ. (1962) ಮಾದರಿ ಹಾಕಿಕೊಟ್ಟವು. ಕರ್ನಾಟಕದಲ್ಲಿ ಮೈಸೂರು ವೈದ್ಯಕೀಯ ಕಾಲೇಜು (1924), ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜು (1953), ಬೆಂಗಳೂರಿನ ಸೇಂಟ್ ಜಾನ್ಸ್ (1963) ಮುಂತಾದ ಕಡೆ ಪೆಥಾಲಜಿ ಸ್ನಾತಕೋತ್ತರ ವ್ಯಾಸಂಗವಿದೆ. ರಾಜ್ಯದ ಬಹುತೇಕ ಕಾಲೇಜುಗಳ ಪರೀಕ್ಷೆ ನಡೆಸುವುದು 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ರಾಷ್ಟ್ರಮಟ್ಟದಲ್ಲಿ ನಿಯಮ ರೂಪಿಸುವ ಅಧಿಕಾರ 2020ರ ಸೆಪ್ಟೆಂಬರ್ 25ರಂದು ಭಾರತೀಯ ವೈದ್ಯಕೀಯ ಪರಿಷತ್ತಿನಿಂದ ರಾಷ್ಟ್ರೀಯ ವೈದ್ಯಕೀಯ ಆಯೋಗಕ್ಕೆ ಬಂತು.

ತರಬೇತಿಯ ರಚನೆ

ನೀಟ್-ಪಿ.ಜಿ. ಪರೀಕ್ಷೆಯ ಮೂಲಕ ಪ್ರವೇಶ ಪಡೆದ ರೆಸಿಡೆಂಟ್ ಮೂರು ವರ್ಷಗಳಲ್ಲಿ ಅಂಗಾಂಶ ಪರೀಕ್ಷೆ, ಕೋಶ ಪರೀಕ್ಷೆ, ಶವಪರೀಕ್ಷೆ, ಹೆಮಟಾಲಜಿ, ಕ್ಲಿನಿಕಲ್ ಪೆಥಾಲಜಿ, ರಕ್ತನಿಧಿ ವಿಭಾಗಗಳಲ್ಲಿ ಸರದಿಯಂತೆ ಕೆಲಸ ಮಾಡುತ್ತಾರೆ. ಈ ಸರದಿಗೆ ಪೋಸ್ಟಿಂಗ್ ಎಂದು ಹೆಸರು.

ಮೊದಲ ವರ್ಷದ ಕೆಲಸ ಬಹುಪಾಲು ಕೈಗೆ ಸಂಬಂಧಿಸಿದ್ದು: ಮಾದರಿ ಸರಿಯಾದ ನಳಿಕೆಯಲ್ಲಿ, ಸರಿಯಾದ ಪ್ರಮಾಣದಲ್ಲಿ ಬಂದಿದೆಯೇ ಎಂದು ನೋಡುವುದು, ಸ್ಮಿಯರ್ (ಗಾಜಿನ ಪಟ್ಟಿಯ ಮೇಲೆ ರಕ್ತದ ತೆಳುಪದರ) ಎಳೆಯುವುದು, ಬಣ್ಣ ಹಾಕುವುದು, ಯಂತ್ರಕ್ಕೆ ನಿಯಂತ್ರಣ ದ್ರಾವಣ ಕೊಡುವುದು. ತಂತ್ರಜ್ಞರೇ ಇಲ್ಲಿ ಮೊದಲ ಗುರುಗಳು. ಎರಡನೆಯ ವರ್ಷದಲ್ಲಿ ರೆಸಿಡೆಂಟ್ ಕರಡು ವರದಿ ಬರೆದು ಪ್ರಾಧ್ಯಾಪಕರೊಂದಿಗೆ ಕೂತು ತಿದ್ದಿಸಿಕೊಳ್ಳುತ್ತಾರೆ. ಇದು ನಡೆಯುವುದು ಒಂದೇ ಸ್ಲೈಡನ್ನು ಹಲವರು ಒಟ್ಟಿಗೆ ನೋಡಬಲ್ಲ ಬಹುಶಿರ ಸೂಕ್ಷ್ಮದರ್ಶಕದ ಮುಂದೆ. ಮೂರನೆಯ ವರ್ಷದವರು ಕಿರಿಯರಿಗೆ ಕಲಿಸುತ್ತ, ರಾತ್ರಿ ಪಾಳಿಯ ತುರ್ತು ವರದಿಗಳನ್ನು ನಿಭಾಯಿಸುತ್ತ, ವಾರ್ಡಿನ ವೈದ್ಯರೊಂದಿಗೆ ನೇರವಾಗಿ ಮಾತನಾಡುತ್ತಾರೆ. ಅಂತಿಮ ಸಹಿ ಮಾತ್ರ ಕೊನೆಯವರೆಗೂ ಹಿರಿಯರದೇ.

ಸ್ಮಿಯರ್ ಓದು

ಇಡೀ ತರಬೇತಿಯ ನಡುಗಂಬ ಇದು. ಒಳ್ಳೆಯ ಸ್ಮಿಯರ್ ಇಲ್ಲದೆ ಒಳ್ಳೆಯ ವರದಿ ಇಲ್ಲ. ಲೀಶ್‌ಮನ್ ಬಣ್ಣದಲ್ಲಿ ನೀರಿನ ಪಿ.ಎಚ್. 6.8ರ ಆಸುಪಾಸು ಇರಬೇಕು. ಕ್ಷಾರ ಹೆಚ್ಚಾದರೆ ಸ್ಲೈಡ್ ನೀಲಿಗೆ ತಿರುಗುತ್ತದೆ, ಆಮ್ಲ ಹೆಚ್ಚಾದರೆ ಗುಲಾಬಿಯಾಗಿ ಕೋಶಕೇಂದ್ರಗಳು ಮಂಕಾಗುತ್ತವೆ. ಬಣ್ಣ ಕೆಟ್ಟದ್ದನ್ನು ರೋಗವೆಂದು ಓದದಿರುವುದೇ ಮೊದಲ ಪಾಠ.

ಓದುವ ಕ್ರಮವೂ ನಿಗದಿಯಾಗಿದೆ. ಮೊದಲು ಕಡಿಮೆ ವರ್ಧನೆಯಲ್ಲಿ ಇಡೀ ಸ್ಲೈಡಿನ ಮೇಲೆ ಕಣ್ಣಾಡಿಸಿ, ಬಾಲದ ತುದಿಯಲ್ಲಿ ಪ್ಲೇಟ್‌ಲೆಟ್ ಗುಂಪುಗಳೋ ದೊಡ್ಡ ಅಸಹಜ ಕಣಗಳೋ ಇವೆಯೇ ನೋಡಬೇಕು. ಬಳಿಕ ಕೆಂಪು ಕಣಗಳು ಒಂದಕ್ಕೊಂದು ತಾಗಿಯೂ ತಾಗದಂತಿರುವ ಭಾಗ ಹುಡುಕಿ, ಎಣ್ಣೆ ಮಸೂರದಲ್ಲಿ ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್, ಪರೋಪಜೀವಿ ಎಂಬ ಅನುಕ್ರಮದಲ್ಲಿ ಮುಂದುವರಿಯಬೇಕು. ಕಣ್ಣಿಗೆ ಹೊಡೆದು ಕಾಣುವ ಒಂದು ಕಣಕ್ಕೆ ಮರುಳಾಗಿ ಉಳಿದದ್ದನ್ನು ಬಿಡುವುದು ಹೊಸಬರ ಸಾಮಾನ್ಯ ದೋಷವಾದ್ದರಿಂದ ಈ ಶಿಸ್ತಿಗೆ ಮಹತ್ವ ಹೆಚ್ಚು.

ಯಂತ್ರದ ಅಂಕಿಯನ್ನು ಪ್ರಶ್ನಿಸುವುದನ್ನೂ ಸ್ಮಿಯರೇ ಕಲಿಸುತ್ತದೆ. ಯಂತ್ರ ಪ್ಲೇಟ್‌ಲೆಟ್ ಎಣಿಕೆಯನ್ನು 20,000 ಎಂದು ತೋರಿಸಿದಾಗ, ಮೈಮೇಲೆ ಒಂದೂ ರಕ್ತಸ್ರಾವದ ಕಲೆಯಿಲ್ಲದ ರೋಗಿಯ ಸ್ಮಿಯರಿನಲ್ಲಿ ಅವು ರಾಶಿರಾಶಿಯಾಗಿ ಅಂಟಿಕೊಂಡಿರಬಹುದು. ನೇರಳೆ ಮುಚ್ಚಳದ ನಳಿಕೆಯಲ್ಲಿರುವ ಇ.ಡಿ.ಟಿ.ಎ. ರಾಸಾಯನಿಕದಿಂದಲೇ ಕೆಲವರ ಪ್ಲೇಟ್‌ಲೆಟ್‌ಗಳು ಹೀಗೆ ಅಂಟುತ್ತವೆ. ಸಿಟ್ರೇಟ್ ನಳಿಕೆಯಲ್ಲಿ ಮತ್ತೆ ರಕ್ತ ತೆಗೆದು, ಬಂದ ಅಂಕಿಯನ್ನು 1.1ರಿಂದ ಗುಣಿಸಿದರೆ ನಿಜ ಎಣಿಕೆ ಸಿಗುತ್ತದೆ. ಡೆಂಗಿ ಹಬ್ಬಿದ ತಿಂಗಳುಗಳಲ್ಲಿ ಪ್ಲೇಟ್‌ಲೆಟ್ ಅಂಕಿಯೊಂದನ್ನೇ ಹಿಡಿದು ಆತಂಕಪಡುವ ಕುಟುಂಬಗಳಿಗೆ ಈ ಪರಿಶೀಲನೆಯ ಬೆಲೆ ದೊಡ್ಡದು. ಇದೇ ರೀತಿ, ಚಳಿಗೆ ಕೆಂಪು ಕಣಗಳನ್ನು ಅಂಟಿಸುವ ಪ್ರತಿಕಾಯ ಇದ್ದರೆ ಯಂತ್ರ ಕಣದ ಗಾತ್ರವನ್ನು ಹೆಚ್ಚಾಗಿಯೂ ಕಣಗಳ ಸಂಖ್ಯೆಯನ್ನು ಕಡಿಮೆಯಾಗಿಯೂ ತೋರಿಸುತ್ತದೆ. ಮಾದರಿಯನ್ನು 37 ಡಿಗ್ರಿಗೆ ಬೆಚ್ಚಗೆ ಮಾಡಿ ಮತ್ತೆ ಓಡಿಸಿದಾಗ ಅಂಕಿಗಳು ಸರಿಹೋಗುತ್ತವೆ.

ಕೆಲವು ಗುರುತುಗಳಿಗೆ ಕಾಯುವ ಸಮಯವಿರುವುದಿಲ್ಲ. ಒಡೆದ ಕೆಂಪು ಕಣದ ಚೂರುಗಳು ಶೇ. 1ಕ್ಕಿಂತ ಹೆಚ್ಚಿದ್ದು ಪ್ಲೇಟ್‌ಲೆಟ್ ಕುಸಿದಿದ್ದರೆ, ತಕ್ಷಣ ಪ್ಲಾಸ್ಮಾ ಬದಲಿಸಬೇಕಾದ ಟಿ.ಟಿ.ಪಿ. (ಸಣ್ಣ ರಕ್ತನಾಳಗಳಲ್ಲಿ ಹೆಪ್ಪುಗಟ್ಟುವ) ರೋಗವಿರಬಹುದು. ಕಡ್ಡಿಗಳನ್ನು ಕಟ್ಟಿಟ್ಟ ಹೊರೆಯಂತೆ ಕಡ್ಡಿಯಾಕಾರದ ಆವರ್ ರಾಡ್‌ಗಳು ತುಂಬಿದ ಕಣ ಕಂಡರೆ ಅದು ಪ್ರೊಮೈಲೊಸೈಟಿಕ್ ಲ್ಯುಕೇಮಿಯಾ ಸೂಚನೆ. ರಕ್ತಸ್ರಾವದಿಂದ ಮೊದಲ ದಿನಗಳಲ್ಲೇ ಸಾವು ತರಬಲ್ಲ ಈ ರೋಗಕ್ಕೆ, ವಂಶವಾಹಿ ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಎ.ಟಿ.ಆರ್.ಎ. ಔಷಧ ಆರಂಭಿಸುವುದು ಅಂಗೀಕೃತ ಕ್ರಮ. ಆದ್ದರಿಂದ ರೆಸಿಡೆಂಟ್ ಮುದ್ರಿತ ವರದಿಗೆ ಮುನ್ನವೇ ವಾರ್ಡಿಗೆ ದೂರವಾಣಿ ಮಾಡಿ, ಯಾರಿಗೆ, ಎಷ್ಟು ಹೊತ್ತಿಗೆ ತಿಳಿಸಿದ್ದು ಎಂಬುದನ್ನು ದಾಖಲಿಸಬೇಕು.

ಅಸ್ಥಿಮಜ್ಜೆ

ಮಜ್ಜೆಯನ್ನು ಸಾಮಾನ್ಯವಾಗಿ ಸೊಂಟದ ಮೂಳೆಯ ಹಿಂಭಾಗದಿಂದ ತೆಗೆಯುತ್ತಾರೆ. ಎಷ್ಟೋ ಆಸ್ಪತ್ರೆಗಳಲ್ಲಿ ಈ ಕೆಲಸ ಪೆಥಾಲಜಿ ರೆಸಿಡೆಂಟ್‌ರದೇ. ರೋಗಿಯ ಒಪ್ಪಿಗೆ ಪಡೆಯುವುದು, ಸ್ಥಳೀಯ ಅರಿವಳಿಕೆ ಕೊಡುವುದು, ಮಜ್ಜೆ ಸೆಳೆಯುವಾಗ ಒಂದು ಕ್ಷಣ ನೋವಾಗುತ್ತದೆಂದು ಮೊದಲೇ ತಿಳಿಸುವುದು, ಎಲ್ಲವೂ ಕಲಿಕೆಯ ಭಾಗ. ಸೂಕ್ಷ್ಮದರ್ಶಕದ ಹಿಂದೆಯೇ ಉಳಿಯುವ ವಿಭಾಗದಲ್ಲಿ ರೋಗಿಯ ಮುಖ ಕಾಣುವ ಅಪರೂಪದ ಸಂದರ್ಭವಿದು.

ರಕ್ತಶಾಸ್ತ್ರದ ಮಾನಕೀಕರಣದ ಅಂತರರಾಷ್ಟ್ರೀಯ ಮಂಡಳಿಯ ಪ್ರಕಾರ, ಪ್ರಮಾಣ ನಿಖರವಾಗಿ ಬೇಕಾದಾಗ ಮಜ್ಜೆಯಲ್ಲಿ ಕನಿಷ್ಠ 500 ಕಣಗಳನ್ನು ಎಣಿಸಬೇಕು. ಮೂಳೆಯ ತುಣುಕು ಕನಿಷ್ಠ 2 ಸೆಂ.ಮೀ. ಉದ್ದವಿರಬೇಕು. 500 ಏಕೆ ಎಂಬುದಕ್ಕೆ ಲೆಕ್ಕವೇ ಉತ್ತರ. 100 ಕಣ ಎಣಿಸಿ 20 ಬ್ಲಾಸ್ಟ್ (ಬಲಿಯದ ಕಣ) ಕಂಡರೆ ನಿಜ ಪ್ರಮಾಣ ಸುಮಾರು ಶೇ. 13ರಿಂದ 29ರವರೆಗೆ ಎಲ್ಲಿ ಬೇಕಾದರೂ ಇರಬಹುದು. 500 ಎಣಿಸಿ 100 ಕಂಡರೆ ಆ ಅಂತರ ಸುಮಾರು 17ರಿಂದ 24ಕ್ಕೆ ಇಳಿಯುತ್ತದೆ. ತೀವ್ರ ಮೈಲಾಯ್ಡ್ ಲ್ಯುಕೇಮಿಯಾ ಎನ್ನಲು 1976ರ ಫ್ರೆಂಚ್-ಅಮೆರಿಕನ್-ಬ್ರಿಟಿಷ್ ವರ್ಗೀಕರಣ ಶೇ. 30 ಬ್ಲಾಸ್ಟ್ ಕೇಳುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಅದನ್ನು 20ಕ್ಕೆ ಇಳಿಸಿತು. ಗೆರೆಯ ಆಚೀಚೆ ಚಿಕಿತ್ಸೆಯೇ ಬೇರೆಯಾಗುವುದರಿಂದ ಎಣಿಕೆಯ ತಾಳ್ಮೆ ರೋಗಿಯ ಪಾಲಿಗೆ ನಿರ್ಣಾಯಕ.

ಹೀಮೋಗ್ಲೋಬಿನ್, ಹೆಪ್ಪುಗಟ್ಟುವಿಕೆ, ರಕ್ತನಿಧಿ

ಕೆಂಪು ಕಣ ಚಿಕ್ಕದಾಗಿದ್ದರೆ ಕಬ್ಬಿಣದ ಕೊರತೆಯೋ ಥಲಸ್ಸೀಮಿಯಾ ವಾಹಕ ಸ್ಥಿತಿಯೋ ಎಂಬ ಪ್ರಶ್ನೆ ಭಾರತದಲ್ಲಿ ದಿನವೂ ಏಳುತ್ತದೆ. 1973ರಲ್ಲಿ ವಿಲಿಯಂ ಮೆಂಟ್ಜರ್ ಸೂಚಿಸಿದಂತೆ ಕಣದ ಗಾತ್ರವನ್ನು ಕಣಗಳ ಸಂಖ್ಯೆಯಿಂದ ಭಾಗಿಸಿದಾಗ 13ಕ್ಕಿಂತ ಕಡಿಮೆ ಬಂದರೆ ಥಲಸ್ಸೀಮಿಯಾ ಕಡೆಗೆ ಒಲವು. ಇದು ಸುಳಿವು ಮಾತ್ರ. ಹೀಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸುವ ಎಚ್.ಪಿ.ಎಲ್.ಸಿ. ಯಂತ್ರದಲ್ಲಿ ಹೀಮೋಗ್ಲೋಬಿನ್ ಎ2 ಹೆಚ್ಚಿದ್ದರೆ ಬೀಟಾ ಥಲಸ್ಸೀಮಿಯಾ ವಾಹಕರೆಂಬುದಕ್ಕೆ ಬಲ ಬರುತ್ತದೆ. ಆದರೆ ತೀವ್ರ ಕಬ್ಬಿಣದ ಕೊರತೆ ಎ2 ಪ್ರಮಾಣವನ್ನು ತಗ್ಗಿಸಬಹುದು. ಇತ್ತೀಚೆಗೆ ರಕ್ತ ಪಡೆದವರಲ್ಲಿ ದಾನಿಯ ಹೀಮೋಗ್ಲೋಬಿನ್ ಕಾಣಿಸಿಕೊಂಡು ದಾರಿ ತಪ್ಪಿಸಬಹುದು. ಹೀಮೋಗ್ಲೋಬಿನ್ ಇ ಕೂಡ ಯಂತ್ರದಲ್ಲಿ ಎ2 ಇರುವ ಜಾಗದಲ್ಲೇ ಹೊರಬರುತ್ತದೆ. ಎ2 ಪ್ರಮಾಣ ಶೇ. 25ರಿಂದ 30 ಎಂದು ಬಂದರೆ ಅದು ಎ2 ಅಲ್ಲ, ಇ ಎಂದು ತಿಳಿಯಬೇಕು. ಬಂಗಾಳ ಮತ್ತು ಈಶಾನ್ಯದಿಂದ ದುಡಿಮೆಗೆ ಬಂದವರು ನೆಲೆಸಿರುವ ಬೆಂಗಳೂರಿನಂಥ ನಗರದಲ್ಲಿ ರೋಗಿಯ ಊರು ಕೇಳುವುದೂ ನಿದಾನದ ಭಾಗವಾಗಿದೆ.

ಹೆಪ್ಪುಗಟ್ಟುವಿಕೆಯ ಪರೀಕ್ಷೆಗೆ ತಿಳಿನೀಲಿ ಮುಚ್ಚಳದ ನಳಿಕೆಯಲ್ಲಿ ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ಇರಬೇಕು. ಅರ್ಧ ತುಂಬಿದ ನಳಿಕೆ ಇಲ್ಲದ ರೋಗವನ್ನು ತೋರಿಸುತ್ತದೆ. ಪ್ಲಾಸ್ಮಾ ಹೆಪ್ಪುಗಟ್ಟಲು ಹಿಡಿಯುವ ಸಮಯ ಅಳೆಯುವ ಎ.ಪಿ.ಟಿ.ಟಿ. ಪರೀಕ್ಷೆಯಲ್ಲಿ ಅವಧಿ ಹೆಚ್ಚು ಬಂದಾಗ ರೋಗಿಯ ಪ್ಲಾಸ್ಮಾಕ್ಕೆ ಸಮ ಪ್ರಮಾಣದ ಸಹಜ ಪ್ಲಾಸ್ಮಾ ಬೆರೆಸಿ ನೋಡುತ್ತಾರೆ. ಅವಧಿ ಸರಿಹೋದರೆ ಹಿಮೊಫಿಲಿಯಾದಂಥ ಕೊರತೆ, ಸರಿಹೋಗದಿದ್ದರೆ ಪ್ರತಿರೋಧಕವೊಂದರ ಶಂಕೆ.

ರಕ್ತನಿಧಿಯ ಪೋಸ್ಟಿಂಗ್‌ನಲ್ಲಿ ಬಾಂಬೆ ಗುಂಪು ಇಂದಿಗೂ ಒಳ್ಳೆಯ ಪಾಠ. ಆ ಗುಂಪಿನವರ ಕೆಂಪು ಕಣಗಳಲ್ಲಿ ಎಚ್ ಪ್ರತಿಜನಕವೇ ಇಲ್ಲದ್ದರಿಂದ ಮೇಲುನೋಟದ ಪರೀಕ್ಷೆ ಅವರನ್ನು 'ಒ' ಎನ್ನುತ್ತದೆ. ರೋಗಿಯ ಸೀರಮ್ಮನ್ನು 'ಒ' ಕಣಗಳ ಮೇಲೆ ಹಾಕಿ ನೋಡಿದಾಗಷ್ಟೇ ಅವು ಅಂಟಿಕೊಂಡು ಗುಟ್ಟು ಹೊರಬೀಳುತ್ತದೆ. ಭಾರತದಲ್ಲಿ ಸುಮಾರು ಹತ್ತು ಸಾವಿರಕ್ಕೊಬ್ಬರಲ್ಲಿ ಕಾಣುವ ಈ ಗುಂಪಿನವರಿಗೆ 'ಒ' ರಕ್ತ ಕೊಟ್ಟರೆ ಪ್ರಾಣಾಪಾಯ.

ಕ್ಲಿನಿಕಲ್ ಪೆಥಾಲಜಿ ವಿಭಾಗ

ಮೂತ್ರದ ಸೂಕ್ಷ್ಮದರ್ಶಕ ಪರೀಕ್ಷೆ ಸರಳವೆನಿಸಿದರೂ ಅದರಲ್ಲಿ ಕಾಣುವ ಕೆಂಪು ಕಣದ ಕ್ಯಾಸ್ಟ್ (ಮೂತ್ರಪಿಂಡದ ನಾಳಿಕೆಯ ಅಚ್ಚಿನಂಥ ಗುಚ್ಛ) ಒಂದೇ ಮೂತ್ರಪಿಂಡದ ಸೋಸುಜಾಲದ ಉರಿಯೂತವನ್ನು ಸೂಚಿಸಬಲ್ಲದು. ಮಿದುಳುಬಳ್ಳಿಯ ದ್ರವದಲ್ಲಿ ಬಿಳಿ ಕಣಗಳು ಬೇಗ ನಶಿಸುವುದರಿಂದ ಒಂದು ಗಂಟೆಯೊಳಗೆ ಎಣಿಸಬೇಕು. ರಾತ್ರಿ ಪಾಳಿಯ ರೆಸಿಡೆಂಟ್‌ಗೆ ಈ ಮಾದರಿ ಬಂದರೆ ಉಳಿದ ಕೆಲಸ ಬದಿಗೆ ಸರಿಯುತ್ತದೆ.

ಗುಣಮಟ್ಟ ನಿಯಂತ್ರಣ

ಲೆವಿ ಮತ್ತು ಜೆನಿಂಗ್ಸ್ 1950ರಲ್ಲಿ ಪರಿಚಯಿಸಿದ ನಿಯಂತ್ರಣ ನಕ್ಷೆಯನ್ನು ದಿನವೂ ತುಂಬುವುದು, 1981ರಲ್ಲಿ ಪ್ರಕಟವಾದ ವೆಸ್ಟ್‌ಗಾರ್ಡ್ ನಿಯಮಗಳ ಪ್ರಕಾರ ಯಂತ್ರದ ಫಲಿತಾಂಶವನ್ನು ಯಾವಾಗ ತಿರಸ್ಕರಿಸಬೇಕೆಂದು ನಿರ್ಧರಿಸುವುದು ಪಠ್ಯದಲ್ಲಿದೆ. ಹೊರಗಿನ ಗುಣಮಟ್ಟ ಪರಿಶೀಲನೆಗೆ ದೆಹಲಿಯ ಏಮ್ಸ್ ಮತ್ತು ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು ನಡೆಸುವ ಯೋಜನೆಗಳಲ್ಲಿ ಪ್ರಯೋಗಾಲಯಗಳು ಪಾಲ್ಗೊಳ್ಳುತ್ತವೆ. ಮಾನ್ಯತೆ ಕೊಡುವ ಸಂಸ್ಥೆ ಎನ್.ಎ.ಬಿ.ಎಲ್.

ಮೌಲ್ಯಮಾಪನ

ಪ್ರಬಂಧ ಬರೆದು ಒಪ್ಪಿಸುವುದು, ಮಾಡಿದ ಕೆಲಸವನ್ನು ಲಾಗ್‌ಬುಕ್ಕಿನಲ್ಲಿ ದಾಖಲಿಸುವುದು ಕಡ್ಡಾಯ. ಅಂತಿಮ ಪರೀಕ್ಷೆಯಲ್ಲಿ ತಲಾ 100 ಅಂಕಗಳ ನಾಲ್ಕು ಲಿಖಿತ ಪತ್ರಿಕೆಗಳಿವೆ; ರಕ್ತಶಾಸ್ತ್ರ ಮತ್ತು ಪ್ರಯೋಗಾಲಯ ವೈದ್ಯಕೀಯಕ್ಕೆ ಅವುಗಳಲ್ಲಿ ದೊಡ್ಡ ಪಾಲು. ಪ್ರಾಯೋಗಿಕ ಪರೀಕ್ಷೆಯಲ್ಲಿ ಅಪರಿಚಿತ ರೋಗಿಯ ವಿವರ, ಯಂತ್ರದ ಅಂಕಿ, ಸ್ಮಿಯರ್ ಮತ್ತು ಮಜ್ಜೆಯ ಸ್ಲೈಡ್ ಕೊಟ್ಟು ಪೂರ್ಣ ವರದಿ ಬರೆಸುತ್ತಾರೆ. ಅಮೆರಿಕದಲ್ಲಿ ತರಬೇತಿಯನ್ನು ನಿಯಂತ್ರಿಸುವ ಎ.ಸಿ.ಜಿ.ಎಂ.ಇ. 1999ರಲ್ಲಿ ಆರು ಸಾಮರ್ಥ್ಯಗಳನ್ನು ಗೊತ್ತುಪಡಿಸಿತು. ಅಂಕಗಳಿಗಿಂತ ವೈದ್ಯ ಸ್ವತಂತ್ರವಾಗಿ ಏನು ಮಾಡಬಲ್ಲರು ಎಂಬುದನ್ನು ಅಳೆಯುವ ಈ ವಿಚಾರ ಭಾರತದ ಸಾಮರ್ಥ್ಯಾಧಾರಿತ ಪಠ್ಯಕ್ರಮಕ್ಕೂ ಬಂದಿದೆ.

ವಿಧಗಳು

ಅಮೆರಿಕದಲ್ಲಿ ಅಂಗಾಂಶ ಪೆಥಾಲಜಿ ಮತ್ತು ಕ್ಲಿನಿಕಲ್ ಪೆಥಾಲಜಿ ಕೂಡಿದ ತರಬೇತಿ ನಾಲ್ಕು ವರ್ಷ, ಅದರ ಮೇಲೆ ಹೆಮಟೊಪೆಥಾಲಜಿ ಫೆಲೊಶಿಪ್ ಒಂದು ವರ್ಷ. ಬ್ರಿಟನ್ನಿನ ಹೆಮಟಾಲಜಿಸ್ಟ್ ರೋಗಿಯನ್ನೂ ನೋಡುತ್ತಾರೆ, ಅದೇ ರೋಗಿಯ ಮಜ್ಜೆಯನ್ನೂ ಓದುತ್ತಾರೆ. ಅವರು ಪೆಥಾಲಜಿಸ್ಟರ ರಾಯಲ್ ಕಾಲೇಜಿನ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಭಾರತದಲ್ಲಿ ಎರಡೂ ಕವಲೊಡೆದಿವೆ. ಚಿಕಿತ್ಸೆಯ ಕಡೆಗೆ ಹೋಗುವವರಿಗೆ ಮೂರು ವರ್ಷಗಳ ಡಿ.ಎಂ. ಕ್ಲಿನಿಕಲ್ ಹೆಮಟಾಲಜಿ ಇದೆ, ಪ್ರಯೋಗಾಲಯದಲ್ಲೇ ಆಳಕ್ಕಿಳಿಯುವವರಿಗೆ ಚಂಡೀಗಢದ ಪಿ.ಜಿ.ಐ. ಮುಂತಾದ ಕೆಲವೇ ಕಡೆ ಡಿ.ಎಂ. ಹೆಮಟೊಪೆಥಾಲಜಿ. ಇಂಥ ಸ್ಥಾನಗಳು ಕಡಿಮೆಯಾದ್ದರಿಂದ ಬಹುಪಾಲು ಊರುಗಳಲ್ಲಿ ಲ್ಯುಕೇಮಿಯಾದ ಮೊದಲ ಗುರುತು ಬೀಳುವುದು ಎಂ.ಡಿ. ಮುಗಿಸಿದ ಸಾಮಾನ್ಯ ಪೆಥಾಲಜಿಸ್ಟರ ಕಣ್ಣಿಗೇ.

ಉಪಯೋಗ

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆಯಿದೆ. ಎಲ್ಲರಿಗೂ ಕಬ್ಬಿಣದ ಮಾತ್ರೆಯೇ ಉತ್ತರವಲ್ಲ. ಕಾರಣ ಬೇರ್ಪಡಿಸಲು ಸ್ಮಿಯರ್ ಮೊದಲ ಮತ್ತು ಅಗ್ಗದ ಸಾಧನ. ಐದು ಹಾಲೆಗಳಿಗಿಂತ ಹೆಚ್ಚಿರುವ ನ್ಯೂಟ್ರೊಫಿಲ್ ಬಿ12 ಅಥವಾ ಫೋಲೇಟ್ ಕೊರತೆಯ ಕಡೆಗೆ ಬೆರಳು ಮಾಡುತ್ತದೆ. ಈ ಕೊರತೆಯಲ್ಲಿ ಮೂರೂ ಬಗೆಯ ಕಣಗಳು ಕುಸಿದು ಲ್ಯುಕೇಮಿಯಾ ಎಂಬ ಭಯ ಹುಟ್ಟಿಸಬಹುದು, ಚುಚ್ಚುಮದ್ದಿನಿಂದ ಗುಣವೂ ಆಗಬಹುದು. ಮಲೆನಾಡಿನ ಆಸ್ಪತ್ರೆಗಳಲ್ಲಿ ಬಿಳಿ ಕಣ ಮತ್ತು ಪ್ಲೇಟ್‌ಲೆಟ್ ಎರಡೂ ಇಳಿದ ಜ್ವರದ ರೋಗಿಯಲ್ಲಿ, 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯನ್ನೂ ನೆನೆಯಬೇಕು.

ಇಂದಿನ ಸ್ಥಿತಿ

ವಿಶ್ವ ಆರೋಗ್ಯ ಸಂಸ್ಥೆಯ ಐದನೆಯ ಆವೃತ್ತಿ ಮತ್ತು ಅಂತರರಾಷ್ಟ್ರೀಯ ಒಮ್ಮತದ ವರ್ಗೀಕರಣ, ಎರಡೂ 2022ರಲ್ಲಿ ಬಂದವು. ವಂಶವಾಹಿ ದೋಷಗಳಿಗೆ ಎರಡೂ ಹೆಚ್ಚು ತೂಕ ಕೊಟ್ಟಿವೆ, ಆದರೆ ಕೆಲವು ಗೆರೆಗಳಲ್ಲಿ ಒಂದಕ್ಕೊಂದು ಹೊಂದುವುದಿಲ್ಲ. ರೆಸಿಡೆಂಟ್ ಎರಡನ್ನೂ ಕಲಿಯಬೇಕಾಗಿದೆ. ಫ್ಲೋ ಸೈಟೊಮೆಟ್ರಿ, ವರ್ಣತಂತು ಪರೀಕ್ಷೆ, ಜೀನ್ ಸೀಕ್ವೆನ್ಸಿಂಗ್ ಸೌಲಭ್ಯ ತಮ್ಮ ಕಾಲೇಜಿನಲ್ಲಿ ಇಲ್ಲದವರಿಗೆ ಇವುಗಳ ಅನುಭವ ಸಿಗುವುದು ದೊಡ್ಡ ಕ್ಯಾನ್ಸರ್ ಆಸ್ಪತ್ರೆ ಅಥವಾ ಸಂಶೋಧನಾ ಸಂಸ್ಥೆಗಳಿಗೆ ಹೋದಾಗ. ಸ್ಲೈಡಿನ ಚಿತ್ರ ತೆಗೆದು ಕಣಗಳನ್ನು ತಾನೇ ವಿಂಗಡಿಸುವ ಡಿಜಿಟಲ್ ಯಂತ್ರಗಳು ಬಂದಿವೆ. ಅಪರೂಪದ ಸ್ಲೈಡನ್ನು ಹಲವು ಊರುಗಳ ವಿದ್ಯಾರ್ಥಿಗಳು ಏಕಕಾಲಕ್ಕೆ ನೋಡಲು ಅವು ನೆರವಾಗುತ್ತವೆ, ಅಂತಿಮ ದೃಢೀಕರಣಕ್ಕೆ ವೈದ್ಯರ ಕಣ್ಣು ಬೇಕೇ ಬೇಕು.

ಜಿಲ್ಲಾ ರೆಸಿಡೆನ್ಸಿ ಯೋಜನೆಯಡಿ ಪಿ.ಜಿ.ಗಳು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡುವುದನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ ಕಡ್ಡಾಯಗೊಳಿಸಿದೆ. ಪೆಥಾಲಜಿಯವರಿಗೆ ಇದು ಕಡಿಮೆ ಸಲಕರಣೆಯಲ್ಲಿ, ಪಕ್ಕದಲ್ಲಿ ಪ್ರಾಧ್ಯಾಪಕರಿಲ್ಲದೆ ನಿರ್ಧರಿಸುವ ಅಭ್ಯಾಸ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಆರಂಭವಾದ ಕುಡಗೋಲು ಕಣ ರಕ್ತಹೀನತೆ ನಿರ್ಮೂಲನ ಅಭಿಯಾನ 40 ವರ್ಷದವರೆಗಿನ 7 ಕೋಟಿ ಜನರ ತಪಾಸಣೆಯ ಗುರಿ ಹೊಂದಿದೆ. ಕರಗುವಿಕೆ ಪರೀಕ್ಷೆಯಂಥ ಸರಳ ವಿಧಾನದಲ್ಲಿ ಶಂಕೆ ಬಂದವರ ರಕ್ತವನ್ನು ಎಚ್.ಪಿ.ಎಲ್.ಸಿ.ಯಲ್ಲಿ ಖಚಿತಪಡಿಸಬೇಕು, ವಾಹಕರು ಯಾರು, ರೋಗಿ ಯಾರು, ಥಲಸ್ಸೀಮಿಯಾ ಜೊತೆಗೂಡಿದೆಯೇ ಎಂಬುದನ್ನು ಬೇರ್ಪಡಿಸಿ ವರದಿ ಕೊಡಬೇಕು. ಮೈಸೂರು ಮತ್ತು ಚಾಮರಾಜನಗರ ಭಾಗದ ಬುಡಕಟ್ಟು ಹಾಡಿಗಳ ಮಾದರಿಗಳನ್ನು ಓದಬೇಕಾದವರು ಅಲ್ಲಿನ ಜಿಲ್ಲಾ ಹಾಗೂ ಕಾಲೇಜು ಪ್ರಯೋಗಾಲಯಗಳ ಪೆಥಾಲಜಿಸ್ಟರು.